ಪ್ರಯಾಣಿಕರ ಹಡಗು ಯುದ್ಧಕ್ಕೆ ಹೊರಟಾಗ

ಲಂಡನ್ನಿಂದ ಮುಂಬಯಿಗೆ ಟಪಾಲನ್ನೂ ಪ್ರಯಾಣಿಕರನ್ನೂ ಹೊತ್ತು ತರುತ್ತಿದ್ದ ಹಡಗು ‘ರಾವಲ್ಪಿಂಡಿ’. ಪಿ ಅಂಡ್ ಒ ಕಂಪನಿಗಾಗಿ ಸ್ಕಾಟ್ಲೆಂಡಿನ ಗ್ರೀನಕ್‌ನಲ್ಲಿ ಕಟ್ಟಿ, 1925ರಲ್ಲಿ ನೀರಿಗಿಳಿಸಿದ್ದರು. ಸುಮಾರು 600 ಪ್ರಯಾಣಿಕರು ಹಿಡಿಸುತ್ತಿದ್ದರು. 1939ರ ಆಗಸ್ಟ್ ಕೊನೆಯಲ್ಲಿ, ಯುದ್ಧ ಶುರುವಾಗಲು ಕೆಲವೇ ದಿನಗಳಿರುವಾಗ, ಬ್ರಿಟಿಷ್ ನೌಕಾಪಡೆ ಅದನ್ನು ವಶಕ್ಕೆ ತೆಗೆದುಕೊಂಡಿತು.

ಪ್ರಯಾಣಿಕರ ಹಡಗೇ ಯಾಕೆ? ಜರ್ಮನಿಗೆ ಸರಕು ಹೋಗದಂತೆ ತಡೆಯಲು ಐಸ್‌ಲ್ಯಾಂಡ್ ಸುತ್ತಲಿನ ಕಡಲಿನಲ್ಲಿ ಹಗಲಿರುಳು ಕಾವಲಿರಬೇಕಿತ್ತು. ಅಷ್ಟು ಕ್ರೂಸರ್‌ಗಳು ನೌಕಾಪಡೆಯ ಬಳಿ ಇರಲಿಲ್ಲ. ಹೊಸದನ್ನು ಕಟ್ಟಲು ವರ್ಷಗಳೇ ಬೇಕು. ಪ್ರಯಾಣಿಕರ ಹಡಗಾದರೋ ದೊಡ್ಡದು, ಬಿರುಗಾಳಿಯನ್ನು ತಾಳಿಕೊಳ್ಳುತ್ತದೆ, ಬಂದರಿಗೆ ಬಾರದೆ ಬಹಳ ದಿನ ಓಡುತ್ತದೆ. ನಾವಿಕರು ಮಲಗಲು ಜಾಗವೂ ಸಿದ್ಧವಾಗಿರುತ್ತದೆ.

ಮಾರ್ಪಾಡು ಕೆಲವೇ ವಾರಗಳ ಕೆಲಸ. ರಾವಲ್ಪಿಂಡಿಯ ಎರಡು ಹೊಗೆಕೊಳವೆಗಳಲ್ಲಿ ಹಿಂದಿನದು ಬರೀ ಅಂದಕ್ಕೆ ಇದ್ದದ್ದು, ಅದನ್ನು ಕಿತ್ತುಹಾಕಿದರು. ಎಂಟು ಆರು-ಇಂಚಿನ ಫಿರಂಗಿಗಳನ್ನೂ ಎರಡು ಮೂರು-ಇಂಚಿನವನ್ನೂ ಕೂರಿಸಿದರು. ಇಂಥ ಹಡಗುಗಳಿಗೆ ಸಿಗುತ್ತಿದ್ದುದು ಹಳೆಯ ಫಿರಂಗಿಗಳೇ. ಗುರಿ ಲೆಕ್ಕಹಾಕುವ ಒಳ್ಳೆಯ ವ್ಯವಸ್ಥೆಯೂ ಅವಕ್ಕೆ ಇರುತ್ತಿರಲಿಲ್ಲ.

ಆದರೆ ಫಿರಂಗಿ ಇದ್ದ ಮಾತ್ರಕ್ಕೆ ಅದು ಯುದ್ಧನೌಕೆಯಾಗುವುದಿಲ್ಲ. ಯುದ್ಧನೌಕೆಯ ಎಂಜಿನ್ನು, ಮದ್ದುಗುಂಡಿನ ಕೋಣೆ ಎಲ್ಲವೂ ದಪ್ಪ ಉಕ್ಕಿನ ಕವಚದ ಹಿಂದೆ ಇರುತ್ತವೆ. ಪ್ರಯಾಣಿಕರ ಹಡಗಿಗೆ ಆ ಕವಚವಿಲ್ಲ. ಆಮೇಲೆ ತೊಡಿಸಲೂ ಆಗದು. ಮೇಲಾಗಿ ಅದು ಎತ್ತರದ ಹಡಗು, ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಸರಕು ಹಡಗನ್ನು ನಿಲ್ಲಿಸಿ ತಪಾಸಣೆ ಮಾಡಲು ಇದು ಸಾಕು. ದೊಡ್ಡ ಯುದ್ಧನೌಕೆ ಎದುರಾದರೆ ಉಳಿಯುವ ದಾರಿ ಇಲ್ಲ.

1939ರ ನವೆಂಬರ್ 23ರಂದು ಎದುರಾದದ್ದು ಒಂದಲ್ಲ, ಎರಡು: ಜರ್ಮನಿಯ ಶಾರ್ನ್‌ಹಾರ್ಸ್ಟ್ ಮತ್ತು ನೈಸೆನೌ. ಒಂದೊಂದರಲ್ಲೂ ಒಂಬತ್ತು ಹನ್ನೊಂದು-ಇಂಚಿನ ಫಿರಂಗಿಗಳು. ರಾವಲ್ಪಿಂಡಿಯ ಗುಂಡು ಸುಮಾರು 45 ಕಿಲೋ ತೂಗಿದರೆ ಅವುಗಳದ್ದು 300 ಕಿಲೋಗೂ ಹೆಚ್ಚು. ರಾವಲ್ಪಿಂಡಿ ಓಡುತ್ತಿದ್ದುದು ಗಂಟೆಗೆ ಸುಮಾರು 31 ಕಿ.ಮೀ.; ಅವು 55 ಕಿ.ಮೀ.ಗೂ ಮಿಕ್ಕಿ. ತಪ್ಪಿಸಿಕೊಳ್ಳುವ ಮಾತೇ ಇರಲಿಲ್ಲ. ನಿವೃತ್ತರಾಗಿದ್ದು ಮತ್ತೆ ಸೇವೆಗೆ ಬಂದಿದ್ದ 60 ವರ್ಷದ ಕ್ಯಾಪ್ಟನ್ ಎಡ್ವರ್ಡ್ ಕೆನಡಿ ಶತ್ರುವನ್ನು ಕಂಡ ಸುದ್ದಿಯನ್ನು ವೈರ್‌ಲೆಸ್‌ನಲ್ಲಿ ಕಳಿಸಿದರು, ಶರಣಾಗದೆ ಗುಂಡು ಹಾರಿಸಿದರು. ಶಾರ್ನ್‌ಹಾರ್ಸ್ಟ್‌ಗೆ ಒಂದು ಗುಂಡು ತಗುಲಿತು. ಸುಮಾರು 40 ನಿಮಿಷಗಳಲ್ಲಿ ಎಲ್ಲವೂ ಮುಗಿದಿತ್ತು. ಕೆನಡಿ ಸೇರಿ 238 ಮಂದಿ ಸತ್ತರು.

ಸೋಲು ಅವರ ಧೈರ್ಯದ್ದಲ್ಲ, ಹಡಗಿನ ಮೈಕಟ್ಟಿನದು. ನೌಕಾಪಡೆಗೂ ಇದು ತಿಳಿಯದ ವಿಷಯವೇನಲ್ಲ. ಬೇರೆ ಹಡಗಿರಲಿಲ್ಲ ಅಷ್ಟೆ. ಅದೇ ಮಾದರಿಯ ‘ರಾಜಪುತಾನ’ವನ್ನು 1941ರ ಏಪ್ರಿಲ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಯೊಂದು ಮುಳುಗಿಸಿತು. ‘ರಾಂಚಿ’ ಮತ್ತು ‘ರಣಪುರ’ ಯುದ್ಧ ದಾಟಿ ಉಳಿದವು.

ರಾವಲ್ಪಿಂಡಿಯವರಲ್ಲಿ 11 ಮಂದಿಯನ್ನು ನೀರಿನಿಂದ ಮೇಲೆತ್ತಿದ ಹಡಗು ‘ಚಿತ್ರಾಲ್’. ಅದೂ ಪಿ ಅಂಡ್ ಒ ಕಂಪನಿಯದೇ, ಹಾಗೆಯೇ ಫಿರಂಗಿ ಕೂರಿಸಿಕೊಂಡು ಕಾವಲಿಗೆ ಬಂದಿದ್ದ ಪ್ರಯಾಣಿಕರ ಹಡಗು.