ಲೇಬಲ್ ನೆನೆದ ಮೇಲೆ

ಐಸ್ ನೀರಿನ ಬಕೆಟ್ಟಿನಿಂದ ಮೇಲೆತ್ತಿದ ದುಬಾರಿ ವೈನ್ ಬಾಟಲಿಯ ಲೇಬಲ್ ಬೂದುಬಣ್ಣಕ್ಕೆ ತಿರುಗಿ ಅಂಚು ಸುರುಳಿಯಾಗಿದ್ದರೆ, ತಪ್ಪಾಗಿರುವುದು ಕಾಗದದ ಆಯ್ಕೆಯಲ್ಲಿ. ಇಂಥ ಸರಕಿನ ಲೇಬಲ್ಲು, ಪೆಟ್ಟಿಗೆಗಳಿಗೆ ಕಾಗದವನ್ನು ಸಾಮಾನ್ಯವಾಗಿ ಮಾದರಿಗಳ ಮೇಲೆ ಬೆರಳಾಡಿಸಿ, ಹೊಳಪು ನೋಡಿ ಆರಿಸುತ್ತಾರೆ. ಆದರೆ ಒಣಗೈಯಲ್ಲಿ ಮಾಡಿದ ಈ ಪರೀಕ್ಷೆ ಸಾಲದು. ಕಾಗದ ಎಲ್ಲಿ ಬಾಳಬೇಕೋ ಅಲ್ಲಿನ ನೀರು, ಎಣ್ಣೆ, ಉಜ್ಜಾಟಗಳನ್ನು ಮೊದಲು ಲೆಕ್ಕ ಹಾಕಿ, ಅಂದವನ್ನು ಆಮೇಲೆ ನೋಡಬೇಕು.

ಕಾಗದದ ಬಿಳುಪನ್ನೇ ತೆಗೆದುಕೊಳ್ಳಿ. ಸೆಲ್ಯುಲೋಸ್ ನಾರು ಸ್ವತಃ ಬಿಳಿಯಲ್ಲ, ಹೆಚ್ಚುಕಡಿಮೆ ಪಾರದರ್ಶಕ. ಅದರ ವಕ್ರೀಭವನ ಸೂಚ್ಯಂಕ ಸುಮಾರು 1.53, ನಾರುಗಳ ನಡುವಿನ ಗಾಳಿಯದ್ದು 1. ಈ ಅಂತರದಿಂದಾಗಿ ಬೆಳಕು ನಾರು ನಾರಿಗೂ ಚದುರಿ ಹಿಂದಿರುಗುತ್ತದೆ, ಕಣ್ಣಿಗೆ ಬಿಳುಪಾಗಿ ಕಾಣುತ್ತದೆ. ಗಾಳಿಯ ಜಾಗಕ್ಕೆ 1.33 ಸೂಚ್ಯಂಕದ ನೀರು ನುಗ್ಗಿದರೆ ಚದುರುವಿಕೆ ತಗ್ಗಿ, ಹಿಂದಿರುವ ಗಾಜಿನ ಬಣ್ಣ ಇಣುಕುತ್ತದೆ. ಎಣ್ಣೆ ಇನ್ನೂ ಹಠಮಾರಿ: ಅದರ ಸೂಚ್ಯಂಕ ನಾರಿಗೆ ಮತ್ತಷ್ಟು ಹತ್ತಿರ, ಬೇಗ ಆರುವುದೂ ಇಲ್ಲ. ಮೈಸೂರಿನ ಅಗರಬತ್ತಿಯಂಥ ಸುಗಂಧದ ಸರಕಿಗೆ ಒಳಹೊದಿಕೆ ಬೇಕಾಗುವುದಕ್ಕೆ ಇದೂ ಒಂದು ಕಾರಣ. ಬಣ್ಣದ ಜೊತೆಗೆ ಬಲವೂ ಹೋಗುತ್ತದೆ. ನಾರುಗಳನ್ನು ಬೆಸೆದ ಹೈಡ್ರೋಜನ್ ಬಂಧಗಳನ್ನು ನೀರು ಸಡಿಲಿಸುವುದರಿಂದ, ಪೂರ್ತಿ ನೆನೆದ ಸಾದಾ ಕಾಗದದಲ್ಲಿ ಮೊದಲಿನ ಬಲದ ಹತ್ತನೇ ಒಂದು ಪಾಲೂ ಉಳಿಯುವುದು ಕಷ್ಟ.

ಹಾಗಾದರೆ ಮೇಲೊಂದು ಪ್ಲಾಸ್ಟಿಕ್ ಪೊರೆ ಲ್ಯಾಮಿನೇಟ್ ಮಾಡಿದರಾಯಿತಲ್ಲ ಎನ್ನುವವರಿದ್ದಾರೆ. ಪೊರೆ ಮುಖವನ್ನು ಕಾಯುತ್ತದೆ, ಕತ್ತರಿಸಿದ ಅಂಚನ್ನಲ್ಲ. ಅಂಚಿನಿಂದ ನೀರನ್ನು ಒಳಗೆ ಹೀರಿಕೊಂಡು ನಾರು ಉಬ್ಬುತ್ತದೆ, ಪ್ಲಾಸ್ಟಿಕ್ ಉಬ್ಬುವುದಿಲ್ಲ. ಲೇಬಲ್ ಸುರುಳಿಯಾಗುವುದು ಇವೆರಡರ ಜಗ್ಗಾಟದಿಂದಲೇ. ಮರುಬಳಕೆಯ ಕಾರ್ಖಾನೆಯಲ್ಲೂ ಆ ಪೊರೆಯನ್ನು ಸೋಸಿ ತೆಗೆಯಬೇಕು, ಅದಕ್ಕಂಟಿದ ನಾರು ನಷ್ಟ. ತಿರುಳಿಗೇ ರಾಳ ಬೆರೆಸಿ, ನೆನೆದರೂ ಬಲ ಉಳಿಯುವಂತೆ ಮಾಡಿದ ಕಾಗದ, ಅದರ ಬೆನ್ನಿಗೆ ಬೆಳಕು ತಡೆಯುವ ಪದರ ಇದ್ದರೆ ವೈನಿಗೆ ಅದೇ ವಾಸಿ. ಆದರೆ ಆ ರಾಳವೂ ಕಾಗದವನ್ನು ಮತ್ತೆ ತಿರುಳಾಗಿಸುವುದನ್ನು ಕಷ್ಟವಾಗಿಸುತ್ತದೆ. ಒಣಗಿಯೇ ಇರುವ ಉಡುಗೊರೆ ಪೆಟ್ಟಿಗೆಗೆ ಅದನ್ನು ಹೇರುವುದು ಅನ್ಯಾಯ.

ಗಿರಾಕಿ ಕೊಳ್ಳುವುದು ಕಣ್ಣಿನಿಂದ, ಹೊಳಪಿಲ್ಲದೆ ಬೆಲೆ ಬಾರದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಹೊಳಪಿಗೆ ಪ್ಲಾಸ್ಟಿಕ್ಕೇ ಬೇಕಿಲ್ಲ. ಜೇಡಿ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟ್ ಲೇಪ ಕಾಗದದ ತಗ್ಗುಗಳನ್ನು ತುಂಬುತ್ತದೆ, ಉರುಳೆಗಳು ಅದನ್ನು ನಯಗೊಳಿಸುತ್ತವೆ. ಶಾಯಿ ಮೇಲೆಯೇ ನಿಂತು ಬಣ್ಣ ಗಾಢವಾಗುತ್ತದೆ. ಚಿನ್ನದ ಮಿನುಗಿಗೆ ಬಿಸಿಯಚ್ಚಿನ ಫಾಯಿಲ್ ಇದೆ: ಅದು ಬಿಟ್ಟುಹೋಗುವ ಲೋಹದ ಪದರ ಒಂದು ಮೈಕ್ರಾನಿನ ನೂರರಲ್ಲಿ ಕೆಲವೇ ಪಾಲು, ಲ್ಯಾಮಿನೇಷನ್ನಿನ ಪೊರೆಯಾದರೋ ಸಾಮಾನ್ಯವಾಗಿ ಹತ್ತು ಮೈಕ್ರಾನಿಗೂ ದಪ್ಪ. ಮುಟ್ಟಿದಾಗ ಸಿಗುವ ಘನತೆಗೆ ಉಬ್ಬಚ್ಚು ಸಾಕು, ಉದ್ದ ನಾರಿನ ಕಾಗದ ಬಿರಿಯದೆ ಅದಕ್ಕೆ ಮಣಿಯುತ್ತದೆ. ಸಗಟು ಆರ್ಡರ್ ಕೊಡುವ ಮುನ್ನ ಮಾದರಿ ಲೇಬಲ್ಲನ್ನು ಬಳಸಲಿರುವ ಅಂಟಿನಿಂದಲೇ ಬಾಟಲಿಗೆ ಹಚ್ಚಿ ಒಂದೆರಡು ಗಂಟೆ ಐಸ್ ನೀರಿನಲ್ಲಿಡಬೇಕು; ಪೆಟ್ಟಿಗೆಯ ರಟ್ಟನ್ನು ನಾರಿನ ಉದ್ದಕ್ಕೂ ಅಡ್ಡಕ್ಕೂ ಮಡಿಸಿ, ಮಡಿಕೆಯಲ್ಲಿ ಲೇಪ ಸೀಳಿದೆಯೇ ಎಂದು ನೋಡಬೇಕು.