ಕಸುಬೂ ಕಾಯಿಲೆಯೂ

ವೈದ್ಯನು ರೋಗಿಯ ಬಳಿ ಕುಳಿತು ಕೇಳುವ ಪ್ರಶ್ನೆಗಳು ನಮಗೆಲ್ಲ ಪರಿಚಿತವಾದುವು. ನೋವು ಎಲ್ಲಿ, ಎಂದಿನಿಂದ, ಊಟ ಸೇರುವುದೆ ಎಂದು ವಿಚಾರಿಸುವ ಪದ್ಧತಿ ಬಹು ಹಳೆಯದು. ಇವುಗಳ ಜೊತೆಗೆ ರೋಗಿಯ ಕಸುಬು ಯಾವುದೆಂಬುದನ್ನೂ ಕೇಳಲೇಬೇಕೆಂದು ಬರೆದವನು ಇಟಲಿ ದೇಶದ ಬೆರ್ನಾರ್ದಿನೊ ರಾಮಜ್ಜೀನಿ. ಆತನು 1633ರಲ್ಲಿ ಕಾರ್ಪಿ ಎಂಬ ಊರಿನಲ್ಲಿ ಹುಟ್ಟಿ, ಮೊಡೆನಾದಲ್ಲಿಯೂ ಅನಂತರ ಪಾಡುವಾದಲ್ಲಿಯೂ ಪ್ರಾಧ್ಯಾಪಕನಾಗಿದ್ದು, 1714ರಲ್ಲಿ ತೀರಿಕೊಂಡನು.

ಆತನ ಮನಸ್ಸನ್ನು ಈ ವಿಷಯದ ಕಡೆಗೆ ತಿರುಗಿಸಿದುದು ಒಂದು ಸಾಮಾನ್ಯ ಪ್ರಸಂಗ. ಮೊಡೆನಾದ ಆತನ ಮನೆಯ ಮಲಗುಂಡಿಯನ್ನು ಕೂಲಿಯವನೊಬ್ಬನು ಬರಿದುಮಾಡುತ್ತಿದ್ದನು. ಇಷ್ಟೊಂದು ಆತುರವೇಕೆಂದು ರಾಮಜ್ಜೀನಿ ಕೇಳಲು, ಒಳಗೆ ಹೆಚ್ಚು ಹೊತ್ತು ನಿಂತವನ ಕಣ್ಣು ಉಳಿಯುವುದಿಲ್ಲವೆಂಬ ಉತ್ತರ ಬಂದಿತು. ಬಳಿಕ ಊರಿನಲ್ಲಿ ನೋಡಿದರೆ, ಅದೇ ಕೆಲಸ ಮಾಡಿ ದೃಷ್ಟಿ ಕಳೆದುಕೊಂಡು ಭಿಕ್ಷೆ ಬೇಡುತ್ತಿದ್ದವರು ಕಣ್ಣಿಗೆ ಬಿದ್ದರು.

ಕಸುಬುದಾರರ ರೋಗಗಳನ್ನು ಕುರಿತ ಆತನ ಲ್ಯಾಟಿನ್ ಗ್ರಂಥವು 1700ರಲ್ಲಿ ಪ್ರಕಟವಾಯಿತು. 1713ರಲ್ಲಿ ವಿಸ್ತಾರಗೊಂಡು, 50ಕ್ಕಿಂತ ಹೆಚ್ಚು ಕಸುಬುಗಳನ್ನು ಒಳಗೊಂಡಿತು. ಮಡಕೆಗೆ ಸೀಸದ ಮೆರುಗು ಕೊಡುವ ಕುಂಬಾರನ ಕೈನಡುಕ, ಕನ್ನಡಿಗೆ ಪಾದರಸ ಲೇಪಿಸುವವನ ಸಂಕಟ, ಕಲ್ಲುಕುಟಿಗನ ಕೆಮ್ಮು, ದಿನವೆಲ್ಲ ಕುಳಿತು ಬರೆಯುವ ಗುಮಾಸ್ತನ ಕೈಸೋಲು, ಇವೆಲ್ಲವೂ ಅಲ್ಲಿವೆ. ಈ ಕೇಡುಗಳಿಗೆ ಮೂಲ ಎರಡೆಂದು ಆತನು ಕಂಡನು: ಕೈಯಲ್ಲಿ ಹಿಡಿಯುವ ಪದಾರ್ಥದ ದೋಷ ಒಂದು, ದೇಹವನ್ನು ದಂಡಿಸುವ ಭಂಗಿ ಮತ್ತು ಚಲನೆ ಇನ್ನೊಂದು. ಇದನ್ನರಿಯಲು ವೈದ್ಯನು ಕಮ್ಮಟಗಳಿಗೆ ಹೋಗಲು ನಾಚಬಾರದೆಂಬುದು ಆತನ ಅಭಿಪ್ರಾಯ.

ಈ ಪ್ರಶ್ನೆಯನ್ನು ಕೇಳದಿದ್ದರೆ ಏನಾಗುವುದೆಂಬುದಕ್ಕೆ ನಾವು ದೂರ ಹೋಗಬೇಕಾದುದಿಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆ ಕೊರೆಯುವಾಗ ಏಳುತ್ತಿದ್ದ ಸಣ್ಣ ಧೂಳು ಕೆಲಸಗಾರರ ಶ್ವಾಸಕೋಶದಲ್ಲಿ ನೆಲೆಸಿ, ಸಿಲಿಕೋಸಿಸ್ ಎಂಬ ರೋಗವನ್ನು ತಂದಿತು. ಈ ರೋಗವು ಹಲವು ವರ್ಷಗಳ ಮೇಲೆ ತಲೆದೋರುವುದುಂಟು. ಅಷ್ಟರಲ್ಲಿ ಕೆಲಸಗಾರನು ಗಣಿಯನ್ನು ಬಿಟ್ಟು ಹಳ್ಳಿಗೆ ಮರಳಿರಬಹುದು. ಲಕ್ಷಣಗಳಿಂದ ಕ್ಷಯವೆಂದೇ ತೋರಬಹುದು. ಹಿಂದಿನ ಕಸುಬನ್ನು ವಿಚಾರಿಸದ ವೈದ್ಯನು ಕ್ಷಯಕ್ಕೆ ಔಷಧ ಕೊಟ್ಟು ಕಳುಹಿಸುವನು. ರೋಗಿಗೆ ಗುಣವೂ ಇಲ್ಲ, ನ್ಯಾಯವಾಗಿ ಸಲ್ಲಬೇಕಾದ ಪರಿಹಾರಧನವೂ ಇಲ್ಲ. ಗಟ್ಟಿಯಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧವಿಲ್ಲವಾದುದರಿಂದ, ನೀರು ಹಾಯಿಸಿ ಕೊರೆಯುವುದು, ಗಾಳಿಯ ಸಂಚಾರಕ್ಕೆ ಏರ್ಪಾಡು ಮಾಡುವುದು ಮುಂತಾದ ಮುನ್ನೆಚ್ಚರಿಕೆಯೇ ನಿಜವಾದ ಚಿಕಿತ್ಸೆ. ಆದರೆ ಧೂಳೇ ಕಾರಣವೆಂದು ಗೊತ್ತಾಗದೆ ಅದನ್ನು ಅಡಗಿಸುವವರು ಯಾರು?

ಕೆಲಸದಿಂದ ಬಂದ ರೋಗವನ್ನು ಹಣೆಬರಹವೆಂದು ಹೇಳಿ ಸುಮ್ಮನಾಗುವುದು ಸುಲಭ. ರಾಮಜ್ಜೀನಿಯ ಪ್ರಶ್ನೆ ಅದಕ್ಕೆ ಎಡೆಗೊಡುವುದಿಲ್ಲ. ಮಲಗುಂಡಿಗಳಲ್ಲಿ ಮನುಷ್ಯರನ್ನು ಇಳಿಸಿ ಅಪಾಯಕರವಾಗಿ ಶುಚಿಮಾಡಿಸುವುದನ್ನು ನಮ್ಮ ದೇಶದ 2013ರ ಕಾನೂನು ನಿಷೇಧಿಸಿದೆ. ಆ ಬಳಿಕವೂ ಇಳಿದು ಸತ್ತವರಿದ್ದಾರೆ. ಆದುದರಿಂದ ಕಸುಬನ್ನು ವಿಚಾರಿಸುವ ಹೊಣೆ ವೈದ್ಯನೊಬ್ಬನದಲ್ಲ; ಆ ದುಡಿಮೆಯ ಫಲವನ್ನು ನಿಶ್ಚಿಂತೆಯಾಗಿ ಅನುಭವಿಸುವ ನಗರವಾಸಿಗಳಾದ ನಮ್ಮೆಲ್ಲರದೂ ಹೌದು.