ಹಳೆಯ ಜೀಪಿಗೆ ಯಾವ ಪೆಟ್ರೋಲು? ಆಕ್ಟೇನ್ ಅಂಕಿಯ ಅರ್ಥ ಮತ್ತು ನಮ್ಮ ಖರ್ಚಿನ ಲೆಕ್ಕ

ನಮ್ಮ ಸಂಘದ ಸದಸ್ಯರಲ್ಲಿ ಅನೇಕರ ಮನೆಗಳಲ್ಲಿ ಹಳೆಯ ಪೆಟ್ರೋಲ್ ವಾಹನವೊಂದು ಇಂದಿಗೂ ದುಡಿಯುತ್ತಿದೆ. ಕೆಲವರದು ವಿಲ್ಲೀಸ್ ಮಾದರಿಯ ಮಹೀಂದ್ರ ಜೀಪು, ಕೆಲವರದು ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ, ಇನ್ನು ಕೆಲವರದು ಕಾರ್ಬ್ಯುರೇಟರ್ ಕಾಲದ ಮಾರುತಿ 800 ಇಲ್ಲವೆ ಜಿಪ್ಸಿ. ಗೊಬ್ಬರ ತರುವುದಕ್ಕೂ, ಕೆಲಸದವರನ್ನು ಕರೆತರುವುದಕ್ಕೂ, ಮಳೆಗಾಲದ ನಡುರಾತ್ರಿ ಆಸ್ಪತ್ರೆಗೆ ಓಡುವುದಕ್ಕೂ ಅದೇ ಗತಿ. ಇಂಥ ವಾಹನಗಳಿಗೆ ಯಾವ ಪೆಟ್ರೋಲು ಹಿತ ಎಂಬ ಪ್ರಶ್ನೆ ಸಂಘದ ಕಛೇರಿಯಲ್ಲಿ ಈಚೆಗೆ ಮತ್ತೆ ಮತ್ತೆ ಕೇಳಿಬರುತ್ತಿದೆ.

"ಹೆಚ್ಚು ಬೆಲೆಯ ಪೆಟ್ರೋಲು ಹಾಕಿಸಿದರೆ ಎಂಜಿನ್ನಿಗೆ ಶಕ್ತಿ ಬರುತ್ತದಂತೆ, ಹೌದೆ?" ಎಂದು ಕೆಲವರು ಕೇಳುತ್ತಾರೆ. "ಈಗಿನ ಪೆಟ್ರೋಲು ಹಳೆಯ ಗಾಡಿಗೆ ಆಗಿಬರುವುದಿಲ್ಲವಂತೆ, ನಿಜವೆ?" ಎಂದು ಇನ್ನು ಕೆಲವರು. ಮೊದಲನೆಯದಕ್ಕೆ ಉತ್ತರ, ಇಲ್ಲ ಎಂದು. ಎರಡನೆಯದಕ್ಕೆ ಉತ್ತರ, ಸ್ವಲ್ಪ ಮಟ್ಟಿಗೆ ಹೌದು, ಆದರೆ ಅದಕ್ಕೆ ಕಾರಣ ಆಕ್ಟೇನ್ ಅಲ್ಲ ಎಂದು. ಇದನ್ನು ವಿವರವಾಗಿ ನೋಡೋಣ. ಡೀಸೆಲ್ ಜೀಪು ಇಟ್ಟುಕೊಂಡವರಿಗೆ ಈ ವಿಚಾರ ಅನ್ವಯಿಸುವುದಿಲ್ಲ. ಡೀಸೆಲಿನ ಗುಣವನ್ನು ಅಳೆಯುವ ಕ್ರಮವೇ ಬೇರೆ.

ಆಕ್ಟೇನ್ ಎಂದರೇನು?

ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೇರುವಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಅದುಮುತ್ತದೆ. ಅದುಮಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪನ್ನು ಬೆರಳಿನಿಂದ ಮುಚ್ಚಿ ಒತ್ತಿದವರಿಗೆಲ್ಲ ಇದು ಗೊತ್ತು. ತಕ್ಕ ಹೊತ್ತಿಗೆ ಪ್ಲಗ್ಗು ಕಿಡಿ ಹಾರಿಸಬೇಕು, ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಮವಾಗಿ ಹರಡಬೇಕು, ಪಿಸ್ಟನ್ ಕೆಳಕ್ಕೆ ಹೋಗಬೇಕು. ಇದು ಸರಿಯಾದ ಕ್ರಮ. ಆದರೆ ಒತ್ತಡವೂ ಬಿಸಿಯೂ ಮಿತಿಮೀರಿದರೆ, ಬೆಂಕಿ ತಲಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಒಮ್ಮೆಲೇ ಸಿಡಿಯುತ್ತದೆ. ತಗಡಿನ ಡಬ್ಬದಲ್ಲಿ ಜಲ್ಲಿ ಅಲುಗಾಡಿಸಿದಂತೆ ಟಿಣಿಟಿಣಿ ಸದ್ದು ಕೇಳುವುದು ಆಗಲೇ. ಇದಕ್ಕೆ ನಾಕಿಂಗ್ ಎಂದು ಹೆಸರು. ಘಾಟಿ ಹತ್ತುವಾಗ ಎಂಜಿನ್ನು "ಬಡಿಯುತ್ತದೆ" ಎಂದು ನಮ್ಮವರು ಹೇಳುವುದೂ ಇದನ್ನೇ. ಅಪರೂಪಕ್ಕೊಮ್ಮೆ ಕೇಳಿದರೆ ಅಪಾಯವಿಲ್ಲ. ಭಾರ ಹೊತ್ತು ಏರುವಾಗ ಎಡೆಬಿಡದೆ ಬಡಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ರಿಂಗು ಮುರಿಯುತ್ತದೆ, ಕೊನೆಗೆ ಪಿಸ್ಟನ್ನೇ ತೂತಾಗುವುದೂ ಉಂಟು.

ಹೀಗೆ ತಾನಾಗಿ ಸಿಡಿಯದಂತೆ ತಡೆದುಕೊಳ್ಳುವ ಪೆಟ್ರೋಲಿನ ಗುಣದ ಅಳತೆಯೇ ಆಕ್ಟೇನ್ ಅಂಕಿ. ಐಸೋ-ಆಕ್ಟೇನ್ ಎಂಬ ದ್ರವಕ್ಕೆ 100, ಹೆಪ್ಟೇನ್ ಎಂಬ ದ್ರವಕ್ಕೆ 0 ಎಂದು ಇಟ್ಟುಕೊಂಡು, ಪರೀಕ್ಷೆಯ ಎಂಜಿನ್ನಿನಲ್ಲಿ ಉಳಿದ ಇಂಧನಗಳನ್ನು ಇವೆರಡರ ಮಿಶ್ರಣದೊಂದಿಗೆ ಹೋಲಿಸಿ ಅಂಕಿ ಕೊಡುತ್ತಾರೆ. ಇದು ಸಹನೆಯ ಅಳತೆ, ಶಕ್ತಿಯ ಅಳತೆಯಲ್ಲ. ಆಕ್ಟೇನ್ ಹೆಚ್ಚಾದ ಮಾತ್ರಕ್ಕೆ ಒಂದು ಲೀಟರಿನಲ್ಲಿ ಅಡಗಿರುವ ಶಕ್ತಿ ಹೆಚ್ಚಾಗುವುದಿಲ್ಲ. ಮಣ್ಣಿನಲ್ಲಿ ಪೊಟ್ಯಾಷ್ ಸಾಕಷ್ಟಿರುವ ತೋಟಕ್ಕೆ ಇನ್ನೊಂದು ಮೂಟೆ ಸುರಿದರೆ ಫಸಲು ಹೆಚ್ಚದು, ಸಾಲ ಹೆಚ್ಚುತ್ತದೆ. ಎಂಜಿನ್ನಿಗೆ ಬೇಕಾದುದಕ್ಕಿಂತ ಹೆಚ್ಚಿನ ಆಕ್ಟೇನ್ ಕೊಡುವುದೂ ಹಾಗೆಯೇ.

ನಮ್ಮ ಗಾಡಿಗೆ ಎಷ್ಟು ಬೇಕು?

ಮಣ್ಣು ಪರೀಕ್ಷೆಯ ಚೀಟಿಯಂತೆ ಇಲ್ಲೂ ಒಂದು ಅಂಕಿಯಿದೆ. ಅದು ಕಂಪ್ರೆಷನ್ ಅನುಪಾತ, ಅಂದರೆ ಮಿಶ್ರಣವನ್ನು ಎಷ್ಟು ಪಟ್ಟು ಅದುಮಲಾಗುತ್ತದೆ ಎಂಬ ಲೆಕ್ಕ. ಗಾಡಿಯ ಕೈಪಿಡಿಯಲ್ಲಿ ಇದನ್ನು ಅಚ್ಚು ಮಾಡಿರುತ್ತಾರೆ. ಹಳೆಯ ಪೆಟ್ರೋಲ್ ಜೀಪಿನಲ್ಲಿ ಇದು ಸುಮಾರು 7. ಹಳೆಯ ಅಂಬಾಸಿಡರ್, ಪದ್ಮಿನಿಗಳಲ್ಲಿ 7ರಿಂದ 8ರ ಒಳಗೆ. ಮಾರುತಿ, ಜಿಪ್ಸಿಗಳಲ್ಲಿ 9ರ ಆಸುಪಾಸು. ಸ್ಥೂಲವಾಗಿ ಹೇಳುವುದಾದರೆ 8ರ ಒಳಗಿನ ಎಂಜಿನ್ನಿಗೆ 87 ಆಕ್ಟೇನ್ ಸಾಕು, 9ರವರೆಗಿನದಕ್ಕೆ 91 ಸಾಕು. ಹತ್ತು ದಾಟಿದ ಎಂಜಿನ್ನುಗಳಿಗೆ, ಟರ್ಬೊ ಇರುವ ಹೊಸ ಕಾರುಗಳಿಗೆ 95ರ ಮಾತು ಬರುತ್ತದೆ. ಕೈಪಿಡಿ ಬೇರೆ ಅಂಕಿ ಹೇಳಿದರೆ ಕೈಪಿಡಿಯ ಮಾತೇ ಅಂತಿಮ.

ಒಂದು ಎಚ್ಚರಿಕೆ. ಅಮೆರಿಕದಲ್ಲಿ ಆಕ್ಟೇನನ್ನು ಬೇರೆ ರೀತಿಯಲ್ಲಿ ಲೆಕ್ಕ ಹಾಕುತ್ತಾರೆ. ಅಲ್ಲಿನ ಬಂಕಿನಲ್ಲಿ 87 ಎಂದು ಬರೆದದ್ದು ನಮ್ಮ ಲೆಕ್ಕದಲ್ಲಿ ಸುಮಾರು 91ಕ್ಕೆ ಸಮ. ಅಲ್ಲಿರುವ ಮಕ್ಕಳು ಫೋನಿನಲ್ಲಿ ಹೇಳುವ ಅಂಕಿಯನ್ನು ಇಲ್ಲಿನ ಅಂಕಿಯೊಂದಿಗೆ ನೇರವಾಗಿ ಹೋಲಿಸಬಾರದು.

ಇನ್ನು ನಮಗೆ ಅನುಕೂಲವಾದ ಸಂಗತಿಯೊಂದು. ಎತ್ತರದ ಜಾಗದಲ್ಲಿ ಗಾಳಿ ತೆಳುವಾದ್ದರಿಂದ ಸಿಲಿಂಡರಿನೊಳಗಿನ ಒತ್ತಡ ಕಡಿಮೆ, ಆಕ್ಟೇನಿನ ಬೇಡಿಕೆಯೂ ಕಡಿಮೆ. ಸಾವಿರ ಮೀಟರ್ ಎತ್ತರದ ಚಿಕ್ಕಮಗಳೂರಿನಲ್ಲಿ ಮೌನವಾಗಿ ಓಡುವ ಗಾಡಿ, ಚಾರ್ಮಾಡಿ ಇಳಿದು ಕರಾವಳಿಯ ಸೆಕೆಯಲ್ಲಿ ಮೂಟೆ ಹೇರಿಕೊಂಡು ಹೊರಟಾಗ ಬಡಿಯಬಹುದು. ಆದಕಾರಣ ಗಾಡಿಯನ್ನು ಪರೀಕ್ಷಿಸುವುದಾದರೆ ಕೆಳಗಿನ ಊರಿನಲ್ಲಿ, ಭಾರ ಹೇರಿ, ಏರಿನಲ್ಲಿ ಪರೀಕ್ಷಿಸಬೇಕು.

ಬಂಕಿನಲ್ಲಿ ಇಂದು ಸಿಗುವುದೇನು?

ಈ ಗಾಡಿಗಳು ತಯಾರಾದ ಕಾಲದಲ್ಲಿ ತೊಂಬತ್ತಕ್ಕಿಂತ ಕಡಿಮೆ ಆಕ್ಟೇನಿನ ಪೆಟ್ರೋಲು ಎಲ್ಲೆಡೆ ಮಾರಾಟವಾಗುತ್ತಿತ್ತು. ಎಂಜಿನ್ನುಗಳನ್ನು ಅದಕ್ಕೆ ಹೊಂದುವಂತೆಯೇ ಮಾಡಿದ್ದರು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಂದ ಬಿ.ಎಸ್. 6 ಪೆಟ್ರೋಲಿಗೆ ಕನಿಷ್ಠ ಮಟ್ಟವೇ 91. ಅದರ ಮೇಲೆ ಈಗ ಶೇಕಡಾ 20ರಷ್ಟು ಎಥೆನಾಲ್ ಬೆರೆಯುತ್ತಿದೆ. ಎಥೆನಾಲಿನ ಸ್ವಂತ ಆಕ್ಟೇನ್ ನೂರಕ್ಕೂ ಮೇಲಿರುವುದರಿಂದ ಮಿಶ್ರಣದ ಅಂಕಿ ಮತ್ತಷ್ಟು ಏರಿದೆ. ಅಂದರೆ 87 ಸಾಕೆನ್ನುವ ಹಳೆಯ ಜೀಪಿಗೆ, ಸಾಮಾನ್ಯ ಪೆಟ್ರೋಲೇ ಬೇಕಾದುದಕ್ಕಿಂತ ಹೆಚ್ಚನ್ನು ಕೊಡುತ್ತಿದೆ. ಇದರ ಮೇಲೆ ಪ್ರೀಮಿಯಂ ಪೆಟ್ರೋಲಿಗೆ ಹಣ ತೆರುವುದರಲ್ಲಿ ಅರ್ಥವಿಲ್ಲ.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 540 ಕಿಲೋಮೀಟರು ಓಡುವ ಜೀಪು ಲೀಟರಿಗೆ 9 ಕಿಲೋಮೀಟರು ಕೊಟ್ಟರೆ 60 ಲೀಟರು ಬೇಕು. ಪ್ರೀಮಿಯಂ ಪೆಟ್ರೋಲಿಗೆ ಲೀಟರಿಗೆ 8 ರೂಪಾಯಿ ಹೆಚ್ಚು ಎಂದಿಟ್ಟುಕೊಂಡರೆ ತಿಂಗಳಿಗೆ 480, ವರ್ಷಕ್ಕೆ 5,760 ರೂಪಾಯಿ. ಇದೇ ಹಣವನ್ನು ಗಾಡಿಯ ಆರೈಕೆಗೆ ಹಾಕಿದರೆ ನಿಜವಾದ ಲಾಭವಿದೆ.

ಹಾಗಾದರೆ ಗಾಡಿ ಬಡಿಯುವುದೇಕೆ?

ಸಾಮಾನ್ಯ ಪೆಟ್ರೋಲಿನಲ್ಲೂ ಹಳೆಯ ಗಾಡಿ ಬಡಿಯುತ್ತಿದ್ದರೆ ಅದನ್ನು ಕಾಯಿಲೆಯ ಲಕ್ಷಣವೆಂದು ತಿಳಿಯಬೇಕು. ಎಲೆ ಹಳದಿಯಾದ ಕೂಡಲೇ ಯೂರಿಯಾ ಎರಚುವ ಮುನ್ನ ಬೇರನ್ನು ನೋಡುವಂತೆ, ಇಲ್ಲಿಯೂ ಕೆಳಗಿನವುಗಳನ್ನು ಮೊದಲು ನೋಡಬೇಕು.

1. ಟೈಮಿಂಗ್. ಕಿಡಿ ಬೇಗ ಹಾರುತ್ತಿದ್ದರೆ ಬಡಿತ ಖಚಿತ. ಇದನ್ನು ಸರಿಪಡಿಸಲು ಒಳ್ಳೆಯ ಮೆಕ್ಯಾನಿಕ್ಕಿಗೆ ಅರ್ಧ ಗಂಟೆ ಸಾಕು. ಕೆಲವು ಹಳೆಯ ಡಿಸ್ಟ್ರಿಬ್ಯೂಟರುಗಳಲ್ಲಿ ಎ ಮತ್ತು ಆರ್ ಎಂಬ ಗುರುತಿನ ಸಣ್ಣ ತಿರುಪು ಇರುತ್ತದೆ. ಆರ್ ಕಡೆಗೆ ಸ್ವಲ್ಪ ತಿರುಗಿಸಿದರೆ ಕಿಡಿ ತಡವಾಗುತ್ತದೆ. ಆದರೆ ಅತಿಯಾಗಿ ತಡಮಾಡಿದರೆ ಗಾಡಿ ಎಳೆಯುವುದಿಲ್ಲ, ಬಿಸಿಯೂ ಏರುತ್ತದೆ.

2. ಬಿಸಿ. ಕೆಸರು, ತರಗು ಸಿಕ್ಕಿಕೊಂಡ ರೇಡಿಯೇಟರು, ಸಡಿಲವಾದ ಫ್ಯಾನ್ ಬೆಲ್ಟು, ಒಳಗೆ ಕಟ್ಟಿದ ತುಕ್ಕು, ಇವು ನಮ್ಮ ಕಡೆಯ ಗಾಡಿಗಳಲ್ಲಿ ತೀರ ಸಾಮಾನ್ಯ.

3. ಮಸಿ. ವರ್ಷಗಟ್ಟಲೆ ನಿಧಾನವಾಗಿ ಓಡಿದ ಎಂಜಿನ್ನಿನ ಹೆಡ್ಡಿನಲ್ಲೂ ಪಿಸ್ಟನ್ ಮೇಲೂ ಮಸಿ ಗಟ್ಟಿಯಾಗಿ ಕಟ್ಟುತ್ತದೆ. ಜಾಗ ಕಡಿಮೆಯಾಗಿ ಒತ್ತಡ ಹೆಚ್ಚುತ್ತದೆ. ಕೆಂಡದಂತೆ ಕಾದ ಮಸಿಯೇ ಬೆಂಕಿ ಹಚ್ಚುತ್ತದೆ. ಕೀ ತೆಗೆದ ಮೇಲೂ ಎಂಜಿನ್ನು ಗುದುಗುದು ಎನ್ನುತ್ತಿದ್ದರೆ ಮೊದಲ ಗುಮಾನಿ ಇದರ ಮೇಲೆ.

4. ಕಲಬೆರಕೆ. ಸೀಮೆಎಣ್ಣೆ ಬೆರೆತರೆ ಆಕ್ಟೇನ್ ತಟ್ಟನೆ ಇಳಿಯುತ್ತದೆ. ಬಂಕಿನಲ್ಲಿ ಫಿಲ್ಟರ್ ಕಾಗದ ಕೇಳುವ ಹಕ್ಕು ಗ್ರಾಹಕನಿಗಿದೆ. ಒಂದು ಹನಿ ಪೆಟ್ರೋಲು ಬಿಟ್ಟರೆ ಎರಡು ನಿಮಿಷದಲ್ಲಿ ಕಲೆ ಉಳಿಯದಂತೆ ಆರಬೇಕು.

5. ಓಡಿಸುವ ರೀತಿ. ಏರಿನಲ್ಲಿ ಮೇಲಿನ ಗೇರಿನಲ್ಲೇ ಉಸಿರು ಕಟ್ಟಿಸಿ ಎಳೆಸುವುದರಿಂದ ಪೆಟ್ರೋಲು ಉಳಿಯುವುದಿಲ್ಲ. ಸದ್ದು ಕೇಳಿದೊಡನೆ ಗೇರು ಇಳಿಸಬೇಕು.

ಸೀಸ ಹೋದ ಮೇಲೆ

"ಹಳೆಯ ಪೆಟ್ರೋಲೇ ಚೆನ್ನಾಗಿತ್ತು" ಎಂದು ಹಿರಿಯ ಸದಸ್ಯರು ಹೇಳುವುದರಲ್ಲಿ ಸ್ವಲ್ಪ ಸತ್ಯವಿದೆ. ಆಗ ಆಕ್ಟೇನ್ ಏರಿಸಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಮಕ್ಕಳ ಮಿದುಳಿಗೆ ಅದು ವಿಷವೆಂದು ಕಂಡುಬಂದದ್ದರಿಂದ ನಮ್ಮ ದೇಶದಲ್ಲಿ 2000ದ ಫೆಬ್ರವರಿ 1ರಿಂದ ಎಲ್ಲೆಡೆ ಸೀಸರಹಿತ ಪೆಟ್ರೋಲೇ ಬಂತು. ಅದನ್ನು ನಿಲ್ಲಿಸಿದ್ದು ಸರಿಯೇ. ಆದರೆ ಆ ಸೀಸ ಎಕ್ಸಾಸ್ಟ್ ವಾಲ್ವು ಮತ್ತು ಅದರ ಸೀಟಿನ ನಡುವೆ ತೆಳುವಾದ ಮೆತ್ತೆಯಂತೆಯೂ ಕೂತಿರುತ್ತಿತ್ತು. ಅದಿಲ್ಲದೆ ಮೆದು ಕಬ್ಬಿಣದ ಸೀಟುಗಳು, ಭಾರ ಹೊತ್ತು ಓಡುವ ಗಾಡಿಗಳಲ್ಲಿ, ನಿಧಾನವಾಗಿ ಸವೆದು ಕುಸಿಯಬಹುದು. ಟ್ಯಾಪೆಟ್ಟಿನ ಗ್ಯಾಪು ಪದೇ ಪದೇ ಕಡಿಮೆಯಾಗುತ್ತಿದ್ದರೆ ಅದೇ ಗುರುತು. ಇದಕ್ಕೆ ದುಬಾರಿ ಪೆಟ್ರೋಲು ಮದ್ದಲ್ಲ. ಮುಂದೆ ಹೆಡ್ ಬಿಚ್ಚುವ ಸಂದರ್ಭ ಬಂದಾಗ ಗಟ್ಟಿ ಉಕ್ಕಿನ ಸೀಟು ಕೂರಿಸಿದರೆ ಚಿಂತೆ ಮುಗಿಯಿತು.

ಈಗಿನ ನಿಜವಾದ ಸಮಸ್ಯೆ: ಎಥೆನಾಲ್

ಶೇಕಡಾ 20ರ ಎಥೆನಾಲ್ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು. 2030ಕ್ಕೆ ಎಂದಿದ್ದ ಗುರಿಯನ್ನು 2025ರಲ್ಲೇ ಮುಟ್ಟಲಾಯಿತು. ಕಬ್ಬು, ಜೋಳ ಬೆಳೆಯುವ ರೈತ ಬಂಧುಗಳಿಗೆ ಇದರಿಂದ ಅನುಕೂಲವಾಗಿದೆ. ಅದನ್ನು ನಾವು ಹಳಿಯುವುದಿಲ್ಲ. ಆದರೆ ನಮ್ಮ ಹಳೆಯ ಗಾಡಿಗಳನ್ನು ತಯಾರಿಸಿದವರು ಇದನ್ನು ಕಂಡವರಲ್ಲ ಎಂಬುದನ್ನು ಮರೆಯಬಾರದು.

ಮೊದಲನೆಯದು ಮೈಲೇಜು. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಬರಿಯ ಪೆಟ್ರೋಲಿಗೆಂದು ತಯಾರಾದ ಕಾರುಗಳಲ್ಲಿ ಶೇಕಡಾ 6ರಿಂದ 7ರಷ್ಟು ಮೈಲೇಜು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಆಕ್ಟೇನ್ ಏರಿದರೂ ಮೈಲೇಜು ಇಳಿಯುತ್ತದೆ. ಆಕ್ಟೇನ್ ಬೇರೆ, ಶಕ್ತಿ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಎರಡನೆಯದು ರಬ್ಬರು. ಹಳೆಯ ಕಾಲದ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್, ಕಾರ್ಬ್ಯುರೇಟರಿನ ವಾಷರುಗಳು ಊದಿಕೊಂಡು, ಮೆದುವಾಗಿ ಅಥವಾ ಬಿರುಕುಬಿಟ್ಟು ಸೋರತೊಡಗುತ್ತವೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಸೋರಿದರೆ ಗಾಡಿಯನ್ನೇ ಸುಟ್ಟುಕೊಂಡಂತೆ. ಎಥೆನಾಲ್ ತಡೆಯುವ ಪೈಪು ಈಗ ಅಂಗಡಿಗಳಲ್ಲಿ ದೊರೆಯುತ್ತದೆ. ಮಳೆಗಾಲಕ್ಕೆ ಮುಂಚೆ ಬದಲಾಯಿಸುವುದು ಕ್ಷೇಮ.

ಮೂರನೆಯದು ಗಾಳಿಯ ಪಾಲು. ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನ ಕಾರ್ಬ್ಯುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಬೆಳಿಗ್ಗೆ ಸ್ಟಾರ್ಟು ಕಷ್ಟ, ಏರಿನಲ್ಲಿ ಎಳೆತ ಕಡಿಮೆ. ಒಂದು ಅಳತೆ ದೊಡ್ಡ ಜೆಟ್ಟು ಹಾಕಿ, ಪ್ಲಗ್ಗಿನ ತುದಿಗೆ ತಿಳಿಕಂದು ಬಣ್ಣ ಬರುವವರೆಗೆ ಹೊಂದಿಸಿದರೆ ಸರಿಹೋಗುತ್ತದೆ.

ನಾಲ್ಕನೆಯದು ನೀರು. ಮಲೆನಾಡಿನವರಿಗೆ ಇದೇ ಮುಖ್ಯ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎಥೆನಾಲ್ ಅದರೊಂದಿಗೆ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಮೇಲುಳಿದ ಪೆಟ್ರೋಲಿನ ಆಕ್ಟೇನ್ ಬಿದ್ದುಹೋಗುತ್ತದೆ, ತಳದ ನೀರು ಟ್ಯಾಂಕನ್ನು ತುಕ್ಕುಹಿಡಿಸುತ್ತದೆ. ಆಷಾಢದಲ್ಲಿ ನಿಲ್ಲಿಸಿದ ಗಾಡಿ ದೀಪಾವಳಿಗೆ ತೆಗೆದಾಗ ಬಡಿಯುವುದಕ್ಕೆ ಇದು ಕಾರಣವಿರಬಹುದು. ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ ಟ್ಯಾಂಕು ತುಂಬಿಸಿ ಮುಚ್ಚಳ ಬಿಗಿ ಮಾಡಿ, ಕಾರ್ಬ್ಯುರೇಟರನ್ನು ಖಾಲಿ ಮಾಡಿಡಬೇಕು. ಔಷಧಿ ಹೊಡೆಯುವ ಪಂಪಿನ ಎಂಜಿನ್ನು, ಕಳೆ ಕೊಚ್ಚುವ ಯಂತ್ರಗಳಿಗೂ ಇದೇ ಕಾಯಿದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆದು ಮುಗಿದ ದಿನವೇ ಉಳಿದ ಪೆಟ್ರೋಲು ತೆಗೆದು, ಎಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುವುದು ಒಳ್ಳೆಯದು.

ಕೊನೆಯದಾಗಿ

ಪ್ರೀಮಿಯಂ ಹಾಕಿಸಿದರೆ ತಮ್ಮ ಗಾಡಿ ಚೆನ್ನಾಗಿ ಓಡುತ್ತದೆ ಎನ್ನುವ ಸದಸ್ಯರೊಡನೆ ನಮಗೆ ವಾದವಿಲ್ಲ. ತೋಟದಲ್ಲಿ ಒಂದು ಸಾಲಿಗೆ ಹೊಸ ಗೊಬ್ಬರ ಹಾಕಿ ನೋಡುವಂತೆ ಇದನ್ನೂ ಪರೀಕ್ಷಿಸಬಹುದು. ಟೈಮಿಂಗ್, ಪ್ಲಗ್ಗು, ರೇಡಿಯೇಟರು ಸರಿಮಾಡಿಸಿ, ಅದೇ ದಾರಿಯಲ್ಲಿ, ಅಷ್ಟೇ ಭಾರದಲ್ಲಿ, ಮೂರು ಟ್ಯಾಂಕು ಸಾಮಾನ್ಯ ಪೆಟ್ರೋಲು, ಮೂರು ಟ್ಯಾಂಕು ಪ್ರೀಮಿಯಂ ಹಾಕಿಸಿ ಲೀಟರು, ಕಿಲೋಮೀಟರು ಬರೆದಿಡಿ. ಬಡಿತವಿಲ್ಲ, ಮೈಲೇಜಿನಲ್ಲೂ ವ್ಯತ್ಯಾಸವಿಲ್ಲ ಎಂದಾದರೆ ಸಾಮಾನ್ಯ ಪೆಟ್ರೋಲೇ ನಿಮ್ಮ ಗಾಡಿಗೆ ತಕ್ಕದ್ದು. ಲೆಕ್ಕ ಬರೆದಿಟ್ಟ ಸದಸ್ಯರು ಗಾಡಿಯ ಹೆಸರು, ತಯಾರಾದ ವರ್ಷಗಳೊಂದಿಗೆ ಅದನ್ನು ಸಂಘದ ಕಛೇರಿಗೆ ಕಳುಹಿಸಿಕೊಟ್ಟರೆ, ಎಲ್ಲರ ಉಪಯೋಗಕ್ಕಾಗಿ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸಲಾಗುವುದು.

– ಕಾರ್ಯದರ್ಶಿ